ಲಾಲ್‌ಬಾಗ್‌ನಲ್ಲಿ ನೋಡುವುದಾದರೂ ಏನಿದೆ?

ಪ್ರಶ್ನೆ: ನಾನು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿ ಡಿಸೆಂಬರ್‌ನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೆಂಗಳೂರು, ಮೈಸೂರು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇವೆ. ಅದರಲ್ಲಿ ಲಾಲ್‌ಬಾಗ್‌ಗೆ ಸಿಗುವುದು ಮುಕ್ಕಾಲು ಗಂಟೆ. ಈ ಸಲ ಪಾಲಕರ ಸಭೆಯಲ್ಲಿ ಒಬ್ಬರು, "ಗಿಡ ನೋಡಲು ಐದುನೂರು ಕಿಲೋಮೀಟರ್ ಹೋಗಬೇಕೇ? ಆ ಹೊತ್ತಿನಲ್ಲಿ ನೀರಾಟದ ಪಾರ್ಕ್ ತೋರಿಸಿ" ಎಂದರು. ಇನ್ನೊಬ್ಬರು, ಅದು ಇಂಗ್ಲಿಷರು ಬಿಟ್ಟುಹೋದ ತೋಟ, ಹಳೆಯ ಮರಗಳ ಕೆಳಗೆ ಮಕ್ಕಳನ್ನು ನಿಲ್ಲಿಸುವುದೇ ಅಪಾಯ ಎಂದರು. ನಮ್ಮ ಮುಖ್ಯೋಪಾಧ್ಯಾಯರ ಪ್ರಕಾರ ಹೋಗುವುದಾದರೆ ಫಲಪುಷ್ಪ ಪ್ರದರ್ಶನಕ್ಕೇ ಹೋಗಬೇಕು. ನಾನಂತೂ ಜಯನಗರದ ಅಕ್ಕನ ಮನೆಗೆ ಹೋದಾಗಲೆಲ್ಲ ಲಾಲ್‌ಬಾಗ್‌ಗೆ ಹೋಗದೆ ಬರುವುದಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬರೀ ಅಭ್ಯಾಸವೇ ಇರಬಹುದು. ಈ ನಡುವೆ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಹಿಂದಿನ ಒಂದು ಎಕರೆಯಲ್ಲಿ 'ಮಿನಿ ಲಾಲ್‌ಬಾಗ್' ಮಾಡಿಸಲು ಹಣ ಕೊಡುತ್ತೇನೆ ಎಂದು ಮುಂದೆ ಬಂದಿದ್ದಾರೆ. ನರ್ಸರಿಯವರು ಕೊಟ್ಟ ಪಟ್ಟಿಯಲ್ಲಿ ಹುಲ್ಲುಹಾಸು, ಸಾಲಾಗಿ ಅಶೋಕ, ಪಾಮ್, ಕೋನೋಕಾರ್ಪಸ್, ಬೇಲಿಗೆ ಹಳದಿ ಕಣಗಿಲೆ ಇವೆ. ನಮ್ಮದು ಎರೆ ಭೂಮಿ. ಇದು ಆಗುವ ಮಾತೇ?

ಉತ್ತರ: ಪತ್ರದಲ್ಲಿ ಪ್ರಶ್ನೆಗಳು ಹಲವು, ಅಳುಕು ಮಾತ್ರ ಒಂದೇ. ನಿಮಗೆ ಪ್ರಿಯವಾದ ಜಾಗ ಎಂಬ ಕಾರಣಕ್ಕೆ ಮಕ್ಕಳ ಸಮಯವನ್ನೂ ಪಾಲಕರ ದುಡ್ಡನ್ನೂ ಅಲ್ಲಿ ಕಳೆಯುತ್ತಿದ್ದೀರೇನೋ ಎಂಬ ಅನುಮಾನ ನಿಮ್ಮನ್ನು ಕಾಡುತ್ತಿದೆ. ಮೊದಲೇ ಹೇಳಿಬಿಡುತ್ತೇನೆ. ಲಾಲ್‌ಬಾಗ್ ಬಿಡಬೇಡಿ, ಆ ಮುಕ್ಕಾಲು ಗಂಟೆಯ ಓಟವನ್ನು ಬಿಡಿ. 'ಮಿನಿ ಲಾಲ್‌ಬಾಗ್' ಈಗಿರುವ ಪಟ್ಟಿಯಂತೆ ಆಗುವುದಿಲ್ಲ, ಆಗಲೂಬಾರದು.

ಅಲ್ಲಿಗೆ ಹೋದರೆ ಮನಸ್ಸಿಗೆ ಹಿತವೆನಿಸುತ್ತದೆ ಎಂಬುದು ನಿಜ, ಅದಕ್ಕೆ ಆಧಾರವೂ ಇದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು; ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಆದರೆ ಈ ಹಿತಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ರಸ್ತೆ ಬದಿಯ ಹೊಂಗೆ ಸಾಲೂ ಅದನ್ನು ಕೊಡುತ್ತದೆ. ಹಳೆಯ ಸಸ್ಯೋದ್ಯಾನ ಜನರನ್ನು ಮತ್ತೆ ಮತ್ತೆ ಎಳೆಯುವುದಕ್ಕೆ ಬೇರೆ ಕಾರಣ ಬೇಕು.

ನನ್ನ ತಿಳಿವಳಿಕೆಯಲ್ಲಿ ಆ ಕಾರಣ ದಾಖಲೆ. ಪಾರ್ಕಿನಲ್ಲಿ ಗಿಡ ಸತ್ತರೆ ಇನ್ನೊಂದನ್ನು ತಂದು ನೆಡುತ್ತಾರೆ, ಅಷ್ಟೇ. ಸಸ್ಯೋದ್ಯಾನದಲ್ಲಿ ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಇರುತ್ತದೆ. ಎಲ್ಲಿಂದ ಬಂತು, ಬೀಜವಾಗಿ ಬಂತೋ ಸಸಿಯಾಗಿ ಬಂತೋ, ಯಾವ ವರ್ಷ ಯಾವ ಮೂಲೆಯಲ್ಲಿ ನೆಟ್ಟರು ಎಂದು ವಹಿಯಲ್ಲಿ ಬರೆದಿರುತ್ತಾರೆ. ಕಾಂಡದ ಮೇಲೆ ಕಾಣುವ ತಗಡಿನ ನಾಮಫಲಕ ಆ ವಹಿಯ ಒಂದು ಸಾಲು. ಕಿರಾಣಿ ಅಂಗಡಿಯವನ ಉದ್ದರಿ ವಹಿ ಕಳೆದರೆ ಅಂಗಡಿಯಲ್ಲಿ ಸಾಮಾನು ಉಳಿದೀತು, ಯಾರಿಂದ ಎಷ್ಟು ಬರಬೇಕು ಎಂಬುದು ಉಳಿಯುವುದಿಲ್ಲ. ಉದ್ಯಾನದ ವಹಿ ಕಳೆದರೂ ಹಾಗೆಯೇ. ಮರಗಳು ಇರುತ್ತವೆ, ಅವು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಉದ್ಯಾನಗಳ ಹಳೆಯ ಮರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೀಟವಲ್ಲ, ರೋಗವಲ್ಲ, ಹರಿದು ಹೋದ ರಿಜಿಸ್ಟರು.

ಇಟಲಿಯ ಪಾದುವಾದಲ್ಲಿ 1545ರಲ್ಲಿ ವಿಶ್ವವಿದ್ಯಾಲಯದ ಸಸ್ಯೋದ್ಯಾನ ಶುರುವಾಯಿತು. ಉದ್ದೇಶ ಸೊಬಗಲ್ಲ. ವೈದ್ಯ ಕಲಿಯುವ ಹುಡುಗರು ಔಷಧದ ಗಿಡವನ್ನು ಅದರ ಹಾಗೆಯೇ ಕಾಣುವ ವಿಷದ ಗಿಡದಿಂದ ಬೇರ್ಪಡಿಸಲು ಕಲಿಯಬೇಕಿತ್ತು. ಔಷಧದ ವ್ಯಾಪಾರದಲ್ಲಿ ಕಲಬೆರಕೆ ಆಗಲೂ ಇತ್ತು. ಅಲ್ಲಿ 1585ರಲ್ಲಿ ನೆಟ್ಟ ಒಂದು ಗಿಡ್ಡ ತಾಳೆ ಇವತ್ತಿಗೂ ಜೀವಂತ ಇದೆ. ಜರ್ಮನ್ ಕವಿ ಗಯಟೆ 1786ರಲ್ಲಿ ಅದನ್ನು ನೋಡಿದ್ದರಿಂದ ಅವನ ಹೆಸರೇ ಅದಕ್ಕೆ ಅಂಟಿಕೊಂಡಿದೆ. 1585 ಎಂದರೆ ನಿಮ್ಮ ಊರಿನಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಪಟ್ಟಕ್ಕೆ ಬಂದು ಐದು ವರ್ಷ. ತಾಜ್ ಬಾವಡಿ ಆಗ ಇಲ್ಲ, ಗೋಳಗುಮ್ಮಟ ಮುಗಿಯಲು ಇನ್ನೂ ಎಪ್ಪತ್ತು ವರ್ಷ. ಆ ಕಾಲದ ಕಲ್ಲು ನಿಮ್ಮಲ್ಲಿ ಹೇರಳವಾಗಿದೆ, ಯಾವ ವರ್ಷದ್ದು ಎಂದು ಶಾಸನವೇ ಹೇಳುತ್ತದೆ. ಆದರೆ ಇಸವಿ ಗೊತ್ತಿರುವ, ಈ ವರ್ಷವೂ ಹೊಸ ಎಲೆ ಬಿಟ್ಟ ಜೀವ ಸಿಗುವುದು ಕಷ್ಟ. ಪಾದುವಾಕ್ಕೆ ಜನ ಹೋಗುವುದು ಅದನ್ನು ನೋಡಲು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಫ್ರಾನ್ಸಿಸ್ ಮ್ಯಾಸನ್ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ, ತಾಳೆಯಂತೆ ಕಾಣುವ ಸೈಕಾಡ್ ಎಂಬ ಹೂ ಬಿಡದ ಗಿಡವೊಂದು ಈಗಲೂ ಕುಂಡದಲ್ಲೇ ಬೆಳೆಯುತ್ತಿದೆ. ಅಲ್ಲಿ ಅದು ಶಂಕು ಬಿಟ್ಟದ್ದು ಒಮ್ಮೆ ಮಾತ್ರ, 1819ರಲ್ಲಿ. ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗಿದ್ದು ಯಾರೋ ಬರೆದಿಟ್ಟಿದ್ದರಿಂದ.

ಇದೇ ಜಾತಿಯ ಕತೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಮ್ಮ ದೇಶದ್ದೇ. ಹೌರಾದ ಶಿಬಪುರದಲ್ಲಿ ರಾಬರ್ಟ್ ಕಿಡ್ ಎಂಬ ಸೇನಾಧಿಕಾರಿ 1787ರಲ್ಲಿ ಶುರುಮಾಡಿದ ಉದ್ಯಾನದಲ್ಲಿ 'ದೊಡ್ಡ ಆಲ' ಇದೆ. ಮರ ಉದ್ಯಾನಕ್ಕಿಂತ ಹಳೆಯದು, ಇನ್ನೂರೈವತ್ತು ವರ್ಷಕ್ಕೂ ಮೀರಿದ್ದು. 1864 ಮತ್ತು 1867ರ ಚಂಡಮಾರುತಗಳಿಗೆ ಸಿಕ್ಕಿ ಕೊಂಬೆಗಳು ಮುರಿದವು. ಗಾಯವಾದ ಕಡೆ ಶಿಲೀಂಧ್ರ ಹಿಡಿಯಿತು. ಕೊನೆಗೆ 1925ರಲ್ಲಿ ಮೂಲ ಕಾಂಡವನ್ನೇ ಕಡಿದು ತೆಗೆದರು. ಮರ ಸಾಯಲಿಲ್ಲ. ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಹಿಡಿದು ತಾವೇ ಕಾಂಡಗಳಾಗಿದ್ದವು. ಈಗ ಅಂಥವು ಮೂರು ಸಾವಿರಕ್ಕೂ ಹೆಚ್ಚು. ನಡುವೆ ನಿಂತು ಹುಡುಕಿದರೆ ಮೂಲ ಸಿಗುವುದಿಲ್ಲ, ಅಲ್ಲಿರುವುದು ಖಾಲಿ ಜಾಗ. ಬುಡವೇ ಇಲ್ಲದ ಮರ ಹೇಗೆ ಬದುಕಿದೆ ಎಂದು ಒಂಬತ್ತನೆಯ ತರಗತಿಯ ಮಗು ಕೇಳಿದರೆ, ಪಠ್ಯದಲ್ಲಿರುವ, ನೀರು ಸಾಗಿಸುವ ಜೈಲಂ, ಆಹಾರ ಸಾಗಿಸುವ ಫ್ಲೋಯಂ ಪಾಠ ಅಲ್ಲಿ ಎರಡು ನಿಮಿಷದಲ್ಲಿ ಆಗುತ್ತದೆ.

ಇಂಗ್ಲಿಷರು ಬಿಟ್ಟುಹೋದ ತೋಟ ಎಂಬ ಮಾತು ಅರ್ಧ ಸರಿ. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ಹೈದರಾಲಿಯಿಂದ. ಟಿಪ್ಪು ಅದನ್ನು ಬೆಳೆಸಿ ಪರ್ಷಿಯಾ, ಕಾಬೂಲ್, ಮಾರಿಷಸ್ ಮುಂತಾದ ಕಡೆಯಿಂದ ಗಿಡ ತರಿಸಿದ. 1799ರ ನಂತರ ಕಂಪನಿಯವರ ಕೈಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಉದ್ಯಾನದ ಮುಖ್ಯಸ್ಥರಾಗಿದ್ದ ಜಾನ್ ಕ್ಯಾಮರೂನ್, ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಆಮೇಲೆ ನಮ್ಮವರೇ ಆದ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ, ಹೀಗೆ ಹಲವು ಕೈಗಳ ಕೆಲಸ ಅದು. ಆದರೆ ವಸಾಹತು ಕಾಲದ ಸಸ್ಯೋದ್ಯಾನಗಳು ಬರೀ ವಿದ್ಯೆಗಾಗಿ ನಡೆದವು ಎಂದು ಮಕ್ಕಳಿಗೆ ಹೇಳಬೇಡಿ. 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನೀಲಗಿರಿಗೆ ಬಂದದ್ದು ಮಲೇರಿಯಾಕ್ಕೆ ಕ್ವಿನೈನ್ ಬೇಕಾದ್ದರಿಂದ. 1876ರಲ್ಲಿ ಬ್ರೆಜಿಲ್‌ನಿಂದ ಸಾಗಿಸಿದ ರಬ್ಬರ್ ಬೀಜ ಕ್ಯೂ ಉದ್ಯಾನದಲ್ಲಿ ಮೊಳೆತು ಸಿಂಹಳಕ್ಕೂ ಸಿಂಗಾಪುರಕ್ಕೂ ಹೋಗಿ ಬ್ರೆಜಿಲ್‌ನ ರಬ್ಬರ್ ವ್ಯಾಪಾರವನ್ನೇ ಮುರಿಯಿತು. ಹಣ, ಔಷಧ, ಸಾಮ್ರಾಜ್ಯ ಎಲ್ಲವೂ ಆ ಗಾಜಿನ ಮನೆಗಳ ಮೂಲಕವೇ ಹಾದು ಹೋದವು. ಕ್ಯಾಮರೂನ್ ಕಾಲದಲ್ಲಿ ಲಾಲ್‌ಬಾಗ್‌ಗೆ ಬಂದ ಸೀಮೆಬದನೆ ಇಂದು ಸಾಗುವಿನಲ್ಲಿದೆ. ಮಕ್ಕಳು ಈ ಎರಡೂ ಮುಖ ನೋಡಲಿ. ಇಂಗ್ಲಿಷರು ತಂದದ್ದು ಬೇಡ, ಹೊರಗಿನದ್ದೇ ಬೇಡ ಎನ್ನುವ ಪಾಲಕರಿಗೆ ಊಟದ ತಟ್ಟೆ ತೋರಿಸಿ. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂತು. ಹುಣಸೆ ಮೂಲವೂ ಆಫ್ರಿಕಾ. ರೊಟ್ಟಿ ಜೊತೆಗಿನ ಖಾರಕ್ಕೆ ಮೆಣಸಿನಕಾಯಿ, ಹಿಂಡಿಗೆ ಶೇಂಗಾ, ಎರಡೂ ಅಮೆರಿಕ ಖಂಡದವು.

ಗಿಡಗಳ ಬಗ್ಗೆ ಚಾಲ್ತಿಯಲ್ಲಿರುವ ಕೆಲವು ನಂಬಿಕೆಗಳೂ ಅಲ್ಲಿಯೇ ಬಯಲಾಗುತ್ತವೆ. ನಾಗಲಿಂಗ ಪುಷ್ಪದ ಮರವನ್ನೇ ತೆಗೆದುಕೊಳ್ಳಿ. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ದಪ್ಪ ಕಾಂಡದಿಂದಲೇ ಹಗ್ಗದಂಥ ರೆಂಬೆಗಳು ಹೊರಟು ಅವುಗಳ ಮೇಲೆ ಬಿಡುತ್ತದೆ. ಆರು ದಪ್ಪ ಗುಲಾಬಿ ಎಸಳು. ಒಂದು ಕಡೆಯಿಂದ ಕೇಸರಗಳ ಹೆಡೆ ಬಾಗಿ, ನಡುವಿನ ಸಣ್ಣ ಗುಬುಟಿಗೆ ನೆರಳು ಹಿಡಿದಿರುತ್ತದೆ. ಹೂವಿನ ಪರಿಮಳ ಮೂಗಿಗೆ ಹಿಡಿಸುತ್ತದೆ, ಕೆಳಗೆ ಬಿದ್ದು ಒಡೆದ ಗುಂಡಿನಂಥ ಕಾಯಿಯ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಇದು ನಮ್ಮ ಪುರಾಣಕಾಲದ ಮರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದರ ತವರು ದಕ್ಷಿಣ ಅಮೆರಿಕ. ಹಾಗೆಂದು ಶಿವಾಲಯದಲ್ಲಿ ಅದಕ್ಕಿರುವ ಮರ್ಯಾದೆ ಕಡಿಮೆಯಾಗಬೇಕಿಲ್ಲ. ಜನ ಹೂವನ್ನು ಕಣ್ಣಿಟ್ಟು ನೋಡಿದ್ದರಿಂದಲೇ ಆ ಹೋಲಿಕೆ ಹೊಳೆದದ್ದು. ಇನ್ನು ನಿಮ್ಮ ನರ್ಸರಿಯ ಪಟ್ಟಿಯಲ್ಲಿರುವ ಸಾಲು ಅಶೋಕ, ಸೀತೆಯ ಅಶೋಕವಲ್ಲ. ಅದು ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಮರ. ನಿಜವಾದ ಅಶೋಕ ಹುಣಸೆಯ ಕುಟುಂಬದ್ದು, ಕೆಂಪು ಕಿತ್ತಳೆ ಗೊಂಚಲು ಬಿಡುತ್ತದೆ, ನೆರಳು ಮತ್ತು ತೇವ ಕೇಳುತ್ತದೆ. ಎರಡರ ಎಲೆಯನ್ನೂ ಮಕ್ಕಳ ಕೈಗೆ ಕೊಟ್ಟರೆ ಆಯಿತು, ಒಂದು ಒಂಟಿ ಎಲೆ, ಇನ್ನೊಂದು ಹಲವು ಕಿರುಎಲೆಗಳು ಸೇರಿದ ಸಂಯುಕ್ತ ಎಲೆ. ಅರಳಿಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎಂಬ ಮಾತನ್ನು ದಯವಿಟ್ಟು ಗೋಡೆಯ ಮೇಲೆ ಬರೆಸಬೇಡಿ. ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ಇಲ್ಲ. ರಾತ್ರಿ ಮರವೂ ನಮ್ಮಂತೆ ಉಸಿರಾಡುತ್ತದೆ. ಅದರಿಂದ ಕೆಳಗೆ ಮಲಗಿದವರಿಗೆ ಕೇಡಾಗುವಷ್ಟು ಇಂಗಾಲದ ಡೈಆಕ್ಸೈಡ್ ಸೇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಳೆಯ ಮರ ಅಪಾಯ ಎಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮರಗಳು ಬೀಳುತ್ತವೆ. ಸವಣೂರಿನ ಮೂರು ದೊಡ್ಡ ಹುಣಸೆ (ಬಾವೋಬಾಬ್) ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬೇರು ಸಮೇತ ಉರುಳಿತು, ಅದನ್ನು ಮತ್ತೆ ಎತ್ತಿ ನೆಡಬೇಕಾಯಿತು. ಆದರೆ ವಯಸ್ಸೊಂದೇ ಮರವನ್ನು ಬೀಳಿಸುವುದಿಲ್ಲ. ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ಮೊದಲು ಮನುಷ್ಯರು ಏನೋ ಮಾಡಿರುತ್ತಾರೆ. ಚರಂಡಿಗೋ ಕೇಬಲ್ಲಿಗೋ ಒಂದು ಬದಿಯ ಬೇರು ಕತ್ತರಿಸಿರುತ್ತಾರೆ. ಬುಡದವರೆಗೂ ಕಾಂಕ್ರೀಟ್ ಅಥವಾ ಪೇವರ್ ಹಾಸಿರುತ್ತಾರೆ. ಪೊಟರೆಗೆ ಸಿಮೆಂಟ್ ತುಂಬಿರುತ್ತಾರೆ. ಇದು ಹಿಂದೆ ಒಳ್ಳೆಯ ಪದ್ಧತಿ ಎಂದೇ ನಡೆದಿತ್ತು, ಸಿಮೆಂಟಿನ ಹಿಂದೆ ತೇವ ನಿಂತು ಕೊಳೆತ ಹೆಚ್ಚಾಗುವುದು ಗೊತ್ತಾದ ಮೇಲೆ ತಿಳಿದವರು ಬಿಟ್ಟಿದ್ದಾರೆ. ಮರದ ಊಟದ ಬೇರುಗಳು ಆಳದಲ್ಲಿಲ್ಲ, ಮೇಲಿನ ಎರಡು ಅಡಿ ಮಣ್ಣಿನಲ್ಲಿ ಹಂದರದ ಅಂಚನ್ನೂ ದಾಟಿ ಹರಡಿರುತ್ತವೆ. ಅವನ್ನು ಮುಚ್ಚಿದರೆ ಉಸಿರು ಕಟ್ಟುತ್ತದೆ. ಬುಡದಲ್ಲಿ ಅಣಬೆ, ಇತ್ತೀಚೆಗೆ ಶುರುವಾದ ವಾಲು, ಒಂದು ಬದಿಯಲ್ಲಿ ಮಣ್ಣು ಬಿರಿದು ಎದ್ದಿರುವುದು, ದಪ್ಪ ಕೊಂಬೆ ಕಾಂಡ ಸೇರುವಲ್ಲಿ ಸೀಳು, ಇಷ್ಟನ್ನು ಗಮನಿಸಲು ಶಿಕ್ಷಕರಿಗೂ ಸಾಧ್ಯ. ಮಕ್ಕಳನ್ನು ಹಗ್ಗ ಕಟ್ಟಿದ ಜಾಗದೊಳಗೆ ಬಿಡಬೇಡಿ, ಗಾಳಿ ಎದ್ದರೆ ಬಯಲಿಗೆ ಬನ್ನಿ. ಬಿಸಿಲ ದಿನ ಗಾಳಿಯೇ ಇಲ್ಲದಿದ್ದರೂ ದೊಡ್ಡ ಕೊಂಬೆ ಕಳಚುವುದುಂಟು, ಆದ್ದರಿಂದ ಊಟಕ್ಕೆ ಕೂರಿಸುವುದು ಹುಲ್ಲಿನ ಮೇಲೆ, ಭಾರಿ ಕೊಂಬೆಯ ಕೆಳಗಲ್ಲ.

ಫಲಪುಷ್ಪ ಪ್ರದರ್ಶನದ ಬಗ್ಗೆ ಒಂದೇ ಮಾತು. ಅದು ಜಾತ್ರೆ. ಜನವರಿ, ಆಗಸ್ಟ್‌ಗಳಲ್ಲಿ ಲಕ್ಷಾಂತರ ಜನ ಗಾಜಿನ ಮನೆಯ ಸುತ್ತ ಸೇರುತ್ತಾರೆ, ಹೂವಿನಲ್ಲಿ ಕಟ್ಟಿದ ಆಕೃತಿಗಳನ್ನು ನೋಡುತ್ತಾರೆ. ಮನೆಮಂದಿ ಹೋಗಿ ಬರಲಿ, ನಲವತ್ತು ಮಕ್ಕಳನ್ನು ಕಟ್ಟಿಕೊಂಡು ನೀವು ಹೋಗಬೇಡಿ. ತಲೆ ಎಣಿಸುವುದರಲ್ಲೇ ದಿನ ಮುಗಿಯುತ್ತದೆ.

ಡಿಸೆಂಬರ್ ಪ್ರವಾಸವೇ ಸರಿ. ರಾತ್ರಿ ರೈಲಿನಲ್ಲಿ ಬಂದು, ಬೆಳಿಗ್ಗೆ ತಿಂಡಿ ಮುಗಿಸಿ, ಎರಡೂವರೆ ಗಂಟೆ ಲಾಲ್‌ಬಾಗ್‌ಗೆ ಕೊಡಿ. ಬೇಕಾದರೆ ಬೇರೆ ಒಂದು ತಾಣ ಕೈಬಿಡಿ. 240 ಎಕರೆಯನ್ನೂ ಸುತ್ತಿಸುವ ಆಸೆ ಬೇಡ. ನಾನಾದರೆ ಐದು ಜಾಗ ಆರಿಸಿಕೊಳ್ಳುತ್ತೇನೆ. ನಾಗಲಿಂಗ. ಹಲಗೆಯಂಥ ಬೇರುಗಳ ಹಳೆಯ ಬೂರುಗ. ನಿಜವಾದ ಅಶೋಕ. ಎತ್ತರದ ಅರಾಕೇರಿಯಾ, ಹೂವು ಬಿಡದ ಗಿಡಗಳ ಪಾಠಕ್ಕೆ. ಐದನೆಯದು ಗಿಡವೇ ಅಲ್ಲ, ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ವಿಜಯಪುರದಿಂದ ಹೊರಡುವಾಗ ಒಂದು ಕರಿಕಲ್ಲಿನ ತುಂಡು ಜೇಬಿನಲ್ಲಿ ಇಟ್ಟುಕೊಳ್ಳಲು ಒಬ್ಬ ಹುಡುಗನಿಗೆ ಹೇಳಿ. ಗೋಳಗುಮ್ಮಟ ಕಟ್ಟಿರುವ ಆ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಎರಡನ್ನೂ ಒಟ್ಟಿಗೆ ಹಿಡಿದು ನೋಡಲಿ: ಒಂದರಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಕಣ, ಇನ್ನೊಂದರಲ್ಲಿ ಬೂದು ಬಿಳಿ ಪಟ್ಟೆ. ನಾಲ್ಕು ನಾಲ್ಕು ಮಕ್ಕಳಿಗೆ ಒಂದೊಂದು ಮರ ವಹಿಸಿ, ನಾಮಫಲಕದ ಸಾಲು ನಕಲು ಮಾಡಿಸಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆಯಿಸಿ. ಮುಂದಿನ ವರ್ಷದ ತಂಡ ಅದೇ ಮರವನ್ನೇ ಅಳೆಯಲಿ. ನೀವು ಅಕ್ಕನ ಮನೆಗೆ ಹೋದಾಗಲೆಲ್ಲ ಅಲ್ಲಿಗೆ ಹೋಗುವುದೂ ಇದೇ ಕೆಲಸ, ಟೇಪು ಹಿಡಿಯುವುದಿಲ್ಲ ಅಷ್ಟೇ.

ಐದುನೂರು ಕಿಲೋಮೀಟರ್ ಎನ್ನುವ ಪಾಲಕರ ಮಾತಿನಲ್ಲಿ ನ್ಯಾಯವಿದೆ. ಎಲ್ಲ ಮಕ್ಕಳಿಗೂ ಆ ಖರ್ಚು ಆಗುವುದಿಲ್ಲ. ಒಂದು ದಿನದಲ್ಲಿ ಹೋಗಿ ಬರುವುದಾದರೆ ಬಾಗಲಕೋಟೆಯ ಉದ್ಯಾನಗಿರಿಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ಬೆಳಗಾವಿ ಕಡೆಯ ಶಾಲೆಗಳಿಗೆ ಗೋಕಾಕ ಬಳಿಯ ಅರಭಾವಿ ತೋಟಗಾರಿಕೆ ಕಾಲೇಜು ಹತ್ತಿರ. ಅಲ್ಲಿ ಇತಿಹಾಸದ ಮೆರುಗು ಕಡಿಮೆ, ಆದರೆ ಒಂದೇ ಹಣ್ಣಿನ ಹಲವು ತಳಿಗಳು ಅಕ್ಕಪಕ್ಕ ಬೆಳೆದದ್ದನ್ನು ನೋಡಬಹುದು, ಕಸಿ ಕಟ್ಟುವುದನ್ನು ಕಣ್ಣಾರೆ ಕಾಣಬಹುದು.

ಅದಕ್ಕೂ ಮೊದಲು ನಿಮ್ಮ ಊರಿನ ಯೋಗಾಪುರದ ದರ್ಗಾ ಬಳಿಯ ದೊಡ್ಡ ಹುಣಸೆ ಮರಗಳಿಗೆ ಕರೆದೊಯ್ಯಿರಿ. ಬಾವೋಬಾಬ್ ಎಂದು ಲೋಕವೆಲ್ಲ ಕರೆಯುವ ಆಫ್ರಿಕಾದ ಮರ ಅದು. ಸಮುದ್ರ ದಾಟಿ ಬಂದ ವ್ಯಾಪಾರಿಗಳು, ಸೈನಿಕರ ಜೊತೆ ದಖನ್ನಿಗೆ ಬಂದಿರಬೇಕು. ಆದಿಲ್‌ಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನನಂಥ ಹಬಶಿ, ಅಂದರೆ ಆಫ್ರಿಕಾ ಮೂಲದ ಸರದಾರರು ದೊಡ್ಡ ಅಧಿಕಾರದಲ್ಲಿದ್ದರು. ಅಲ್ಲಿ ಅಪರಾಧಿಗಳನ್ನು ಗಲ್ಲಿಗೇರಿಸುತ್ತಿದ್ದರು ಎಂಬ ಕತೆಯನ್ನು ಕತೆಯೆಂದೇ ಹೇಳಿ. ಸಾವಿರ ವರ್ಷದ ಮರ ಎನ್ನುವವರು ಸಿಕ್ಕರೆ, ಹೇಗೆ ಎಣಿಸಿದಿರಿ ಎಂದು ಕೇಳಲು ಮಕ್ಕಳಿಗೆ ಕಲಿಸಿ. ಬಾವೋಬಾಬ್ ಒಳಗೆ ಟೊಳ್ಳಾಗುತ್ತದೆ, ಉಂಗುರ ಎಣಿಸಲು ಆಗುವುದಿಲ್ಲ. ನೀರು ತುಂಬಿಕೊಂಡು ಬೇಗ ದಪ್ಪವಾಗುವ ಮರವಾದ್ದರಿಂದ ಸುತ್ತಳತೆ ನೋಡಿ ವಯಸ್ಸು ಹೇಳುವುದೂ ನಡೆಯುವುದಿಲ್ಲ. ಮರದ ಚೂರಿನ ರೇಡಿಯೋಕಾರ್ಬನ್ ಪರೀಕ್ಷೆಯೇ ಆಗಬೇಕು. ಅದರ ಬಿಳಿ ಹೂವು ಜೋತುಬಿದ್ದು ಸಂಜೆ ಅರಳುತ್ತದೆ, ಬಾವಲಿಗಳಿಗಾಗಿ. ಶಾಲೆಯ ಸಮಯದಲ್ಲಿ ಹೋದರೆ ಬಾಡಿದ ಹೂವೇ ಸಿಗುವುದು, ಮುಸ್ಸಂಜೆಗೆ ಹೋಗಿ.

ಈಗ ಶಾಲೆಯ ಒಂದು ಎಕರೆ. ನಿಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್ ಒಳಗೆ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರಿದಾಗ ಎಳೆಯ ಬೇರು ಹರಿಯುತ್ತದೆ. ಸುಣ್ಣ ಹೆಚ್ಚಿರುವುದರಿಂದ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ನಿಮ್ಮ ಗುಲಾಬಿಯಲ್ಲಿ ನೋಡಿರುತ್ತೀರಿ. ಇಂಥ ಕಡೆ ಬೆಂಗಳೂರಿನ ಗಿಡ ತಂದು ನೆಡುವುದೆಂದರೆ ಪ್ರತಿ ವರ್ಷ ನರ್ಸರಿಯವರಿಗೆ ಸಂಬಳ ಕೊಟ್ಟಂತೆ. ಕಾಲು ಎಕರೆ ಹುಲ್ಲಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ಐದು ಲೀಟರ್ ಎಂದು ಹಿಡಿದರೂ ದಿನಕ್ಕೆ ಐದು ಸಾವಿರ ಲೀಟರ್, ಅಂದರೆ ಒಂದು ಟ್ಯಾಂಕರ್. ಕೋನೋಕಾರ್ಪಸ್ ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದೆ, ನೀವು ಹೊಸದಾಗಿ ತರಬೇಡಿ. ಹಳದಿ ಕಣಗಿಲೆ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಅದರ ಬೀಜ ಹೃದಯದ ಬಡಿತವನ್ನೇ ಕೆಡಿಸುವ ವಿಷ, ಕೆಂಪು ಕಣಗಿಲೆಯೂ ವಿಷವೇ. ಶಾಲೆಯ ಬೇಲಿಗೆ ಅದನ್ನು ಸೂಚಿಸಿದವರು ಯೋಚಿಸಿಯೇ ಇಲ್ಲ. ಬೇಲಿಗೆ ಆಡುಸೋಗೆ ಹಾಕಿ, ಆಡು ಮುಟ್ಟುವುದಿಲ್ಲ; ಗೋರಂಟಿಯೂ ಆದೀತು, ಹುಡುಗಿಯರು ಎಲೆ ಕಿತ್ತಷ್ಟೂ ಚಿಗುರುತ್ತದೆ.

ನಿಮ್ಮ ಮುಂದೆ ಎರಡು ದಾರಿಗಳಿವೆ, ಎರಡನ್ನೂ ಕೂಡಿಸಬಹುದು. ಮೊದಲನೆಯದಕ್ಕೆ ದುಡ್ಡೇ ಬೇಡ. ಆವರಣದಲ್ಲಿ ಈಗಾಗಲೇ ಇರುವ ಬೇವು, ಹುಣಸೆ, ಬನ್ನಿ ಏನಿದ್ದರೂ ಅವಕ್ಕೆ ಸಂಖ್ಯೆ ಕೊಟ್ಟು ರಿಜಿಸ್ಟರು ತೆರೆಯಿರಿ. ಹೆಸರು, ಸುತ್ತಳತೆ, ಎಲೆ ಉದುರಿದ ತಿಂಗಳು, ಹೂ ಬಿಟ್ಟ ತಿಂಗಳು, ಬರೆದ ವಿದ್ಯಾರ್ಥಿಯ ಹೆಸರು. ಇದರಲ್ಲಿರುವ ಅಪಾಯ ತಪ್ಪು ಹೆಸರು; ಒಮ್ಮೆ ಫಲಕದ ಮೇಲೆ ಬಂದ ತಪ್ಪು ಇಪ್ಪತ್ತು ವರ್ಷ ಅಳಿಯುವುದಿಲ್ಲ. ಕಾಲೇಜಿನ ಸಸ್ಯಶಾಸ್ತ್ರದವರಿಗೆ ಹೂ ಸಮೇತ ತೋರಿಸಿ ಖಚಿತಪಡಿಸಿಕೊಳ್ಳಿ. ಫಲಕವನ್ನು ಮೊಳೆ ಹೊಡೆದು ಕೂರಿಸಬೇಡಿ. ಮರ ದಪ್ಪವಾದಂತೆ ತೊಗಟೆ ತಗಡಿನ ಅಂಚನ್ನು ನುಂಗಿ, ಮೊದಲ ಅಕ್ಷರಗಳೇ ಒಳಗೆ ಹೋಗುತ್ತವೆ. ಪಕ್ಕದಲ್ಲಿ ಗೂಟ ನೆಟ್ಟು ಅದಕ್ಕೆ ಹಾಕಿ. ಬುಡದ ಸುತ್ತ ಸಿಮೆಂಟ್ ಕಟ್ಟೆ ಇದ್ದರೆ ಒಂದು ಕೈ ಅಗಲವಾದರೂ ಒಡೆದು ಮಣ್ಣು ಕಾಣುವಂತೆ ಮಾಡಿಸಿ, ಗುದ್ದಲಿ ಬೇರಿಗೆ ತಾಗದಂತೆ ಒಬ್ಬರು ನಿಂತು ನೋಡಬೇಕು.

ಎರಡನೆಯದು, ನಿಮ್ಮ ಬಯಲು ಸೀಮೆಗೆ ಒಗ್ಗಿದ ಇಪ್ಪತ್ತು ಮೂವತ್ತು ಮರಗಳ ತೋಟ. ಬಿಲ್ವಪತ್ರಿ, ಬಳವಲ, ಬಾರಿ, ನೆಲ್ಲಿ, ಮುತ್ತುಗ, ಕಕ್ಕೆ, ಅತ್ತಿ, ಹೊಂಗೆ, ಸೀತಾಫಲ, ಇಂಡಿ ತಾಲ್ಲೂಕಿನ ಲಿಂಬೆ. ಶ್ರೀಗಂಧದ ಆಸೆ ಇದ್ದರೆ ಅದು ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ, ಪಕ್ಕದಲ್ಲಿ ತೊಗರಿ ಹಾಕಿ. ಜೋಳದ ಹಳೆಯ ತಳಿಗಳಿಗೆ ಒಂದು ಮಡಿ ಇರಲಿ. ಮೂರು ಅಡಿ ಗುಂಡಿ, ಅಂತರ 25 ಅಡಿ, ಒಳ್ಳೆಯ ಮಳೆ ಬಿದ್ದ ಮೇಲೆ ಜೂನ್, ಜುಲೈನಲ್ಲಿ ನೆಡುವುದು. ಎರೆಯಲ್ಲಿ ಗುಂಡಿಯೇ ಬಾವಿಯಾಗಿ ನೀರು ನಿಲ್ಲುತ್ತದೆ, ಆದ್ದರಿಂದ ಬುಡವನ್ನು ಒಂದು ಗೇಣು ಎತ್ತರಿಸಿ ನೆಡಿ. ಪ್ರತಿ ಸಸಿ ಎಲ್ಲಿಂದ ತಂದದ್ದು ಎಂದು ಅದೇ ದಿನ ರಿಜಿಸ್ಟರಿಗೆ ಬರೆಯಿರಿ. ಆ ಕ್ಷಣದಿಂದ ನಿಮ್ಮದು ಸಸ್ಯೋದ್ಯಾನ, ಎಷ್ಟೇ ಸಣ್ಣದಿರಲಿ.

ಈ ತೋಟ ಸಾಯುವುದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಸಾಯುತ್ತದೆ. ಶಾಲೆಗೆ ರಜೆ, ಮಕ್ಕಳು ಅಜ್ಜಿಯ ಊರಿಗೆ, ಕೊಳವೆಬಾವಿ ಬತ್ತಿರುತ್ತದೆ, ಗೇಟಿಗೆ ಬೀಗ. ಶಾಲಾ ತೋಟಗಳನ್ನು ಜೂನ್‌ನಲ್ಲಿ ನೋಡಲು ಹೋದಾಗ ನನಗೆ ಹೆಚ್ಚಾಗಿ ಕಂಡದ್ದು ಒಣ ಕಡ್ಡಿ ಮತ್ತು ದಾನಿಗಳ ಹೆಸರಿನ ಗ್ರಾನೈಟ್. ಆದ್ದರಿಂದ ನಿಮ್ಮ ಹಳೆಯ ವಿದ್ಯಾರ್ಥಿಯ ಬಳಿ ಹಣವನ್ನು ಹುಲ್ಲುಹಾಸಿಗೆ ಕೇಳಬೇಡಿ. ಗಟ್ಟಿ ಬೇಲಿ, ಒಂದು ನೀರಿನ ತೊಟ್ಟಿ, ಮೂರು ಬೇಸಿಗೆ ನೀರುಣಿಸುವ ಒಬ್ಬರ ಕೂಲಿ, ಇಷ್ಟನ್ನು ಕೇಳಿ. ಹೆಸರಿನ ಕಲ್ಲನ್ನು ಮೂರನೆಯ ಬೇಸಿಗೆ ದಾಟಿದ ಮೇಲೆ ನಿಲ್ಲಿಸೋಣ ಎಂದು ಹೇಳಿ ನೋಡಿ. ಒಪ್ಪಿದರೆ ಜೂನ್‌ಗೆ ಗುಂಡಿ ತೋಡಿಸಿ, ಒಪ್ಪದಿದ್ದರೆ ಬೇವಿನ ಮರಕ್ಕೆ ಒಂದನೆಯ ಸಂಖ್ಯೆ ಕೊಟ್ಟು ರಿಜಿಸ್ಟರು ಶುರುಮಾಡಿ.